ಡ್ರೈವರಮ್ಮನ ಬಿಪಿ

ಡ್ರೈವರಮ್ಮನ ಮೈಕಟ್ಟಿನ ಬಗ್ಗೆ ಡಿಪೋದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಳೇ ಬಸ್ಸಿನ ಮೊಂಡು ಸ್ಟೇರಿಂಗನ್ನು ಇಕ್ಕಟ್ಟಿನ ತಿರುವಿನಲ್ಲಿ ಒಂದೇ ಎಳೆತಕ್ಕೆ ತಿರುಗಿಸುವವಳು. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ದಿನಸಿ ಚೀಲ ಹಿಡಿದು ನಾಲ್ಕನೇ ಮಹಡಿಯ ಮನೆಗೆ ಸಲೀಸಾಗಿ ಹತ್ತುವವಳು. ಆದರೂ ಆ ವರ್ಷದ ಆರೋಗ್ಯ ಪರೀಕ್ಷೆಯಲ್ಲಿ ಅವಳು ಎರಡು ಸಲ ಫೇಲಾದಳು. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರೆ ಸಾಕು, ಬಿಪಿ ಸೂರು ಮುಟ್ಟುತ್ತಿತ್ತು. ಉಳಿದದ್ದು ಇನ್ನೊಂದೇ ಅವಕಾಶ. ಅದೂ ಕೈಕೊಟ್ಟರೆ ಸ್ಟೇರಿಂಗ್ ಬಿಟ್ಟು ಬಸ್ಸು ತೊಳೆಯುವ ಶೆಡ್ಡಿಗೆ ಹೋಗಬೇಕು.

ಕಾರಣ ಅವಳಿಗೆ ಗೊತ್ತಿತ್ತು. ಕಾರಣಕ್ಕೆ ಮೀಸೆಯಿತ್ತು, ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುವ ಬೀಗದ ಕೈ ಗೊಂಚಲಿತ್ತು, ಸೂಪರ್‌ವೈಸರ್ ಎಂಬ ಹುದ್ದೆಯೂ ಇತ್ತು.

ಹೆರಿಗೆ ರಜೆ ಮುಗಿಸಿ ಬಂದ ಹೊಸತರಲ್ಲಿ ಅವಳ ಮನಸ್ಸಿನೊಳಗೆ ಎಂಥದೋ ದಿಗಿಲು ಹೊಕ್ಕಿತ್ತು. ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವುದರಲ್ಲೇ ಬೆಳಗಾಗುತ್ತಿತ್ತು. ನಿದ್ದೆಗೆಟ್ಟು ನಿದ್ದೆಗೆಟ್ಟು ಒಂದು ಮಧ್ಯಾಹ್ನ ಖಾಲಿ ಬಸ್ಸಿನಲ್ಲಿ, ಡ್ರೈವರ್ ಸೀಟಿನಲ್ಲೇ ಕೂತು ಅತ್ತಳು. ಸೂಪರ್‌ವೈಸರ್ ಕಿಟಕಿಯಿಂದ ಅದನ್ನು ಕಂಡ. ಕಂಡವನು ಸುಮ್ಮನೆ ಹೋಗಬಹುದಿತ್ತು. ಸಂಜೆಯೊಳಗೆ ಕ್ಯಾಂಟೀನಿನ ಬಾಯಲ್ಲೆಲ್ಲ ಅವಳಿಗೆ ಹೊಸ ಹೆಸರು: ಅಳುಬುರುಕಿ ಎಕ್ಸ್‌ಪ್ರೆಸ್. ಅವಳ ರೂಟಿನ ಮೇಲೆ ಅವನ ಭಾಮೈದನ ಕಣ್ಣು ಬಿದ್ದಿತ್ತೆಂಬುದು ಆಮೇಲೆ ತಿಳಿಯಿತು.

ಪರೀಕ್ಷೆ ನಡೆಯುವಾಗ ಡಿಪೋದವರೊಬ್ಬರು ಸಾಕ್ಷಿಯಾಗಿ ಇರಬೇಕೆಂಬ ನಿಯಮವಿತ್ತು. ಆ ಒಬ್ಬರು ಯಾವಾಗಲೂ ಅವನೇ. ಬಾಗಿಲಿಗೆ ಒರಗಿ ಗೊಂಚಲು ತಿರುಗಿಸುತ್ತ, ಅಣ್ಣನೇ ಹೇಳುತ್ತಿದ್ದಾನೇನೋ ಎಂಬಷ್ಟು ಅಕ್ಕರೆಯಿಂದ ಹೇಳುತ್ತಿದ್ದ: "ಗಾಬರಿ ಮಾಡ್ಕೋಬೇಡಮ್ಮ. ಮತ್ತೆ ಅತ್ತುಬಿಟ್ಟೀಯ." ಅಷ್ಟೇ ಸಾಕಾಗುತ್ತಿತ್ತು. ಎರಡನೇ ಸಲ ಫೇಲಾದ ಮೇಲೆ, ಅವನು ಫೋನು ಬಂತೆಂದು ಆಚೆ ಹೋದಾಗ, ವಯಸ್ಸಾದ ಲೇಡಿ ಡಾಕ್ಟರು ಸುಮ್ಮನೆ ಇನ್ನೊಮ್ಮೆ ನೋಡಿದರು. ಬಿಪಿ ಸರಿಯಾಗಿಯೇ ಇತ್ತು. "ನಿನ್ನ ಹೃದಯಕ್ಕೆ ಏನೂ ಆಗಿಲ್ಲ ಕಣಮ್ಮ. ಅದಕ್ಕೆ ಕಿವಿ ಚುರುಕು, ಅಷ್ಟೇ," ಎಂದರು. ಆದರೆ ಸಾಕ್ಷಿಯ ಎದುರು ತೆಗೆದದ್ದೇ ಲೆಕ್ಕ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದರು.

ಅಲ್ಲಿಂದ ಮೈ ಕೂಡ ಸೋತಿತು. ಊಟ ಸೇರದು, ಹೆಗಲು ಮರಗಟ್ಟಿತು, ಮೂರನೇ ಮಹಡಿಯಲ್ಲೇ ಗೋಡೆ ಹಿಡಿದು ನಿಲ್ಲುವಂತಾಯಿತು. ಹಗಲು ಮಗುವನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಇದನ್ನೆಲ್ಲ ನೋಡಿ ನೋಡಿ ರೋಸಿಹೋದಳು. "ಅವನ ಮುಖ ಕಂಡ್ರೆ ಭಯ ಅಲ್ಲ ಕಣೇ, ಆಕಳಿಕೆ ಬರೋ ಹಂಗೆ ಮಾಡ್ತೀನಿ ಇರು," ಎಂದು ಕೆಳಗಿನ ಮನೆಯಿಂದ ಬಿಪಿ ಮಿಷನ್ ಕಡ ತಂದಳು. ಭಾವನ ಪ್ಯಾಂಟು ಏರಿಸಿ, ಹುಬ್ಬಿನ ಪೆನ್ಸಿಲ್ಲಿನಿಂದ ಮೀಸೆ ಬರೆದುಕೊಂಡು, ಮನೆಯ ಬೀಗದ ಕೈಗಳನ್ನೆಲ್ಲ ಬೆರಳಿಗೆ ಸಿಕ್ಕಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಳು. ಮಗು ಬಿದ್ದೂ ಬಿದ್ದೂ ನಕ್ಕಿತು. ಡ್ರೈವರಮ್ಮನೂ ನಕ್ಕಳು. ಆದರೆ ಬೀಗದ ಕೈಗಳು ಕಿಣಿಕಿಣಿ ಎಂದದ್ದೇ ತಡ, ಮಿಷನ್ನಿನ ಅಂಕಿ ಸರಸರನೆ ಮೇಲೇರಿತು.

ಅವಳ ನಗು ಅಲ್ಲೇ ನಿಂತಿತು. ಎದುರಿಗಿರುವುದು ಒಡಹುಟ್ಟಿದ ಅಕ್ಕ. ಆದರೂ ತನ್ನ ಮೈಯ ರಕ್ತ ತನ್ನ ಮಾತು ಕೇಳದೆ, ಊರಾಚೆಯ ಮನೆಯಲ್ಲಿ ಕಾಲು ಚಾಚಿ ಕೂತಿರುವ ಅವನ ಮಾತು ಕೇಳುತ್ತಿದೆ. ಇಷ್ಟು ದಿನ ಅವಳಿಗೆ ಇದ್ದದ್ದು ಅವಮಾನ ಮಾತ್ರ. ಆ ಕ್ಷಣ ಹುಟ್ಟಿದ್ದು ಹಗೆ. ಶೆಡ್ಡಿನ ಭಯ ಹಿಂದೆ ಬಿತ್ತು. ಅವನು ಪಟ್ಟಿ ಕಟ್ಟಿಸಿಕೊಂಡು ಕೂರುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಮುಂದೆ ಬಂತು. ಆಸೆ ಹುಟ್ಟಿದ್ದೇ ಹಸಿವೂ ಹುಟ್ಟಿತು. ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಅವನ ಮೀಸೆಯನ್ನು ಅಂಟಿಸಿ ತುಳಿದಳು. ದಿನಾ ಊಟವಾದ ಮೇಲೆ ಅಕ್ಕ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಹೀಯಾಳಿಸಿದಳು. ಅವನು ಅಂದದ್ದಲ್ಲದೆ ಅನ್ನದೇ ಇದ್ದದ್ದನ್ನೂ ಸೇರಿಸಿ ಅಂದಳು. ಮೊದಮೊದಲು ಹಾರುತ್ತಿದ್ದ ಅಂಕಿ ಬರಬರುತ್ತ ಹಾರುವುದನ್ನು ಬಿಟ್ಟಿತು. ಕೊನೆಕೊನೆಗೆ ಡ್ರೈವರಮ್ಮನಿಗೆ ನಿಜವಾಗಿಯೂ ಆಕಳಿಕೆ ಬಂತು.

ಮೂರನೇ ಅವಕಾಶದ ದಿನವೇ ಸೂಪರ್‌ವೈಸರನ ಸರದಿಯೂ ಇತ್ತು. ರಿಪೇರಿಯಾದ ಬಸ್ಸುಗಳನ್ನು ಓಡಿಸಿ ನೋಡುವವನಾದ್ದರಿಂದ ಅವನಿಗೂ ಅದೇ ಪರೀಕ್ಷೆ. ಡ್ರೈವರುಗಳು ಮುಗಿದ ಮೇಲೆ ಕೊನೆಗೆ ಅವನು. ಅವಳು ಕೂತಾಗ ಅವನು ಬಾಗಿಲಿಗೆ ಒರಗಿದ, ಗೊಂಚಲು ತಿರುಗಿಸಿದ, ಅದೇ ಅಕ್ಕರೆಯ ಮಾತು ಹೇಳಿದ. ಅವಳು ಆ ಮೀಸೆಯನ್ನು ದಿಟ್ಟಿಸಿದಳು. ಪೆನ್ಸಿಲ್ಲಿನದೇ ಇದಕ್ಕಿಂತ ಚೆನ್ನಾಗಿತ್ತು ಅನ್ನಿಸಿತು. ಡಾಕ್ಟರು ಅಂಕಿ ಓದಿ ಪಾಸು ಎಂದಾಗ ಗೊಂಚಲು ತಿರುಗುವುದು ನಿಂತಿತು.

ಅವಳು ಮನೆಗೆ ಹೋಗಲಿಲ್ಲ. ಎಲ್ಲರೂ ಚದುರಿದ ಮೇಲೆ ಅವನು ಕುರ್ಚಿಯಲ್ಲಿ ಕೂತ. ಇವರಿಗೆ ಸಾಕ್ಷಿ ಯಾರು ಎಂದು ಡಾಕ್ಟರು ಸುತ್ತ ನೋಡಿದರು.

"ನಾನಿದೀನಿ ಮೇಡಂ," ಎಂದು ಅವಳು ಬಾಗಿಲಿಗೆ ಒರಗಿದಳು.

"ನೀನು ಹೋಗಮ್ಮ, ಡ್ಯೂಟಿಗೆ ಹೊತ್ತಾಯ್ತು," ಎಂದ ಅವನು.

"ನಿಮಗಿಂತ ಡ್ಯೂಟಿ ಹೆಚ್ಚಾ ಸರ್?"

ಡಾಕ್ಟರು ತಲೆ ಎತ್ತಲಿಲ್ಲ. ಪಟ್ಟಿಗೆ ಗಾಳಿ ತುಂಬತೊಡಗಿತು. ಅವಳು ಅವನ ಕೈಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಕಾಳಜಿಯಿಂದ ಕೇಳಿದಳು: "ಸರ್, ಕೈ ಯಾಕೆ ನಡುಗ್ತಿದೆ?"

ಅಲ್ಲಿಯತನಕ ಅದು ನಡುಗುತ್ತಿರಲಿಲ್ಲ. ಈಗ ಶುರುವಾಯಿತು. ಅವನು ಅದನ್ನು ತೊಡೆಯ ಮೇಲೆ ಒತ್ತಿ ಹಿಡಿದ, ಹಿಡಿದಷ್ಟೂ ಹೆಚ್ಚಾಯಿತು. ಹಣೆಯ ಮೇಲೆ ಬೆವರೊಡೆಯಿತು. ಡಾಕ್ಟರು ಅಂಕಿ ಬರೆದುಕೊಂಡು, ಇವರಿಗೂ ಮರುಪರೀಕ್ಷೆ ಎಂದರು. ಹಾಗೆನ್ನುವಾಗ ಅವರ ತುಟಿಯಂಚಿನಲ್ಲಿ ಏನೋ ಸುಳಿದಂತೆ ಡ್ರೈವರಮ್ಮನಿಗೆ ಕಂಡಿತು.

ಕ್ಯಾಂಟೀನಿನಲ್ಲಿ ಸುದ್ದಿಯನ್ನು ಅವಳೇ ಹೇಳಿದಳು. ಉಪ್ಪುಖಾರ ಹಚ್ಚಲಿಲ್ಲ, ಹಚ್ಚುವವರು ಅಲ್ಲಿ ಬೇಕಾದಷ್ಟು ಜನರಿದ್ದರು. ಪ್ರೆಶರ್ ಕುಕ್ಕರ್ ಎಂಬ ಹೆಸರು ಯಾರ ಬಾಯಿಂದ ಮೊದಲು ಬಂತೋ, ಕಾಫಿ ಆರುವುದರೊಳಗೆ ಅವನಿಗೆ ಅಂಟಿಕೊಂಡುಬಿಟ್ಟಿತು. ಅಕ್ಕನಿಗೆ ಮಾತ್ರ ಯಾಕೋ ಕಸಿವಿಸಿ. "ಪಾಸಾದೆ, ಸಾಕು ಬಿಡೇ. ಅವನಿಗೂ ಹೆಂಡತಿ ಮಕ್ಕಳಿದಾರೆ," ಎಂದಳು. ಡ್ರೈವರಮ್ಮ ತಟ್ಟೆ ಬಳಿದು ಉಣ್ಣುತ್ತ, ಕನಿಕರ ಎಲ್ಲಾದರೂ ಇದೆಯೇ ಎಂದು ಒಳಗೆಲ್ಲ ತಡಕಿ ನೋಡಿದಳು. ಸಿಗಲಿಲ್ಲ. ಇನ್ನೊಂದು ಸೌಟು ಬಡಿಸಿಕೊಂಡಳು.

ಮುಂದಿನ ವಾರ ಅವನ ಮರುಪರೀಕ್ಷೆಯ ತಾರೀಕು ನೋಟೀಸ್ ಬೋರ್ಡಿಗೆ ಬಂತು. ಡ್ರೈವರಮ್ಮ ಆವತ್ತಿನ ರಜೆಯನ್ನು ಜೊತೆಯ ಡ್ರೈವರೊಬ್ಬನ ಹತ್ತಿರ ಅದಲುಬದಲು ಮಾಡಿಕೊಂಡಳು. ಆ ದಿನವೇ ಯಾಕಮ್ಮ, ಮನೆಯಲ್ಲಿ ಏನಾದರೂ ವಿಶೇಷವೇ ಎಂದು ಅವನು ಕೇಳಿದ.

"ಏನಿಲ್ಲಣ್ಣ. ಗೊತ್ತಿರೋರೊಬ್ಬರಿಗೆ ಹುಷಾರಿಲ್ಲ. ಪಕ್ಕದಲ್ಲಿ ಒಂದ್ ಗಳಿಗೆ ನಿಂತು ಬರೋಣ ಅಂತ."