ಮಾವನ ನಾಲಿಗೆ, ನಾನು ತೆಗೆದ ನಾಲ್ಕು ಸಾಲು

ಸವಣೂರಿನಲ್ಲಿ ನನ್ನ ಸೋದರಮಾವ ಖಾರಾ, ಅಂದರೆ ಕಡಲೆಹಿಟ್ಟಿನ ಕರಿದ ತಿಂಡಿ, ಮಾಡಿ ಮಾರುತ್ತಾರೆ. ಉಪ್ಪನ್ನು ಅವರು ಅಳೆದು ಹಾಕುವುದಿಲ್ಲ. ಮೊದಲ ಸಲ ಕರಿದದ್ದನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಳಿದ ಹಿಟ್ಟಿಗೆ ಎಷ್ಟು ಬೇಕೆಂದು ನಿರ್ಧರಿಸುತ್ತಾರೆ.

ಹೋದ ವರ್ಷ ಅವರಿಗೆ ರಕ್ತಭೇದಿಯಾಯಿತು. ಪರೀಕ್ಷೆಯಲ್ಲಿ ಅಮೀಬಾ ಕಂಡಿತು. ವೈದ್ಯರು ಹತ್ತು ದಿನದ ಮಾತ್ರೆ ಬರೆದುಕೊಟ್ಟರು. ನಾನು ಶಿಗ್ಗಾವಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಆ ವಾರದ ಆರೋಗ್ಯ ಪುಟಕ್ಕೆ ಇದೇ ವಿಷಯ ಆರಿಸಿಕೊಂಡೆ. ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಫೋನಿನಲ್ಲಿ ವಿವರಿಸಿದರು. ಈ ಏಕಕೋಶಜೀವಿ ಆಮ್ಲಜನಕ ಇಲ್ಲದ ಕಡೆಯೂ ಬದುಕುತ್ತದೆ. ಆಹಾರದಿಂದ ಶಕ್ತಿ ಪಡೆಯುವ ಅದರ ದಾರಿಯೇ ಬೇರೆ. ಆ ದಾರಿಯಲ್ಲಿ ಸಾಗುವ ಎಲೆಕ್ಟ್ರಾನನ್ನು ಔಷಧಿ ಪಡೆದುಕೊಳ್ಳುತ್ತದೆ. ಪಡೆದ ಮೇಲೆಯೇ ಅದು ವಿಷವಾಗಿ ಅಮೀಬಾದ ಡಿಎನ್‌ಎ ಮುರಿಯುತ್ತದೆ. ನಮ್ಮ ಜೀವಕೋಶಗಳಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮಾತ್ರೆ ಮುಗಿದರೆ ಅದೂ ಹೋಗುತ್ತದೆ ಎಂದು ಕೊನೆಯಲ್ಲಿ ಹೇಳಿದರು. ಎಲ್ಲವನ್ನೂ ಬರೆದೆ.

ಪುಟಕ್ಕೆ ಜಾಹೀರಾತು ಬಂತು. ಜಾಗ ಸಾಲದಿದ್ದರೆ ವರದಿಯನ್ನು ಕೊನೆಯಿಂದ ಕತ್ತರಿಸುವುದು ನಮ್ಮ ರೂಢಿ. ನಾಲ್ಕು ಸಾಲು ನಾನೇ ತೆಗೆದೆ. ರುಚಿಯ ಮಾತು ಅದರಲ್ಲಿತ್ತು.

ಮಾವ ಮೂರನೇ ದಿನಕ್ಕೇ ಮಾತ್ರೆ ನಿಲ್ಲಿಸಿದ್ದರು. ಅದು ಗೊತ್ತಾಗಿದ್ದು ಎರಡು ತಿಂಗಳ ನಂತರ, ಜ್ವರ ಮತ್ತು ಬಲಪಕ್ಕೆಯ ನೋವೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದಾಗ. ಯಕೃತ್ತಿನಲ್ಲಿ ಕಂದು ಬಣ್ಣದ ಕೀವು ತುಂಬಿತ್ತು. ಸೂಜಿ ಹಾಕಿ ತೆಗೆದರು.

"ಯಾಕ ಬಿಟ್ರಿ ಮಾಮಾ?"

"ಬಾಯಾಗ ಕಬ್ಬಿಣದ ಮೊಳಿ ಇಟ್ಕೊಂಡಂಗ ಆಗಿತ್ತೋ ಅಳಿಯಾ. ಉಪ್ಪ ತಿಳೀವಲ್ದಾಗಿತ್ತು. ನಿನ್ನ ಪೇಪರ್ ಎರಡ ಸಲ ಓದಿದೆ. ನಾಲಿಗಿ ಸುದ್ದೀನ ಇರಲಿಲ್ಲ. ಎಲ್ಲಾರಿಗೂ ಆಗೂದಾದ್ರ ನೀ ಬರೀತಿದ್ದಿ, ಅಲ್ಲೇನು? ನಂಗಷ್ಟ ಹಿಂಗ ಆಗೈತಿ, ನಾಲಿಗಿ ಕಾಯಂ ಹೋಗ್ತೈತಿ ಅಂತ ಅಂಜಿದೆ. ಹೊಟ್ಟೀನೂ ಆರಾಮಾಗಿತ್ತು."

"ಬರ್ದಿದ್ದೆ ಮಾಮಾ. ಜಾಗಾ ಸಾಲಲಿಲ್ಲ."

ನೋವಿನಲ್ಲೂ ನಕ್ಕರು. "ಡಬ್ಬಿ ತುಂಬೇತಿ ಅಂತ ನಾ ಖಾರಾಕ್ಕ ಉಪ್ಪ ಹಾಕೂದ ಬಿಡ್ತೇನೇನೋ?"

ಮನೆಗೆ ಕಳಿಸುವಾಗ ಮತ್ತೆ ಅದೇ ಮಾತ್ರೆ ಕೊಟ್ಟರು. ನಾಲ್ಕನೇ ದಿನ ಸವಣೂರಿಗೆ ಹೋದೆ. ಮಾವ ಕಡಾಯಿಯ ಮುಂದಿದ್ದರು. ಚಿಟಿಕೆ ಖಾರಾ ಬಾಯಿಗೆ ಹಾಕಿಕೊಂಡು, ರುಚಿ ತಿಳಿಯದೆ ತಲೆಯಲ್ಲಾಡಿಸಿ, ಇನ್ನೊಂದು ಚಿಟಿಕೆ ನನ್ನ ಅಂಗೈಗೆ ಹಾಕಿದರು.

"ಉಪ್ಪ?"

"ಬರೋಬರಿ ಐತ್ರಿ."

"ಖರೇ ಹೇಳಾಕತ್ತೀಯೋ, ಜಾಗಾ ಉಳಸಾಕತ್ತೀಯೋ?"

ಮತ್ತೊಮ್ಮೆ ತಿಂದೆ. ಸ್ವಲ್ಪ ಕಡಿಮೆಯಿತ್ತು. ಹೇಳಿದೆ.

"ಹಂಗಾರ ಉಳದ ದಿನಾನೂ ಬಾ. ನೀ ಬರಲಿಲ್ಲಂದ್ರ ನಾ ಮಾತ್ರಿ ಬಿಡಾಂವ," ಎಂದು ಅಂದಿನ ಮಾತ್ರೆಯನ್ನು ನನ್ನೆದುರೇ ನುಂಗಿದರು.

ಮರುದಿನ ಉಪ್ಪು ನೋಡಲು ಶಿಗ್ಗಾವಿಯಿಂದ ಮೊದಲ ಬಸ್ಸು ಹಿಡಿದೆ. ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆ ಇರಲಿಲ್ಲ.