ಕತ್ತೆಯ ಕ, ಗದ್ದೆಯ ಗ

ಸೈನ್ಯದಲ್ಲಿ ಹದಿನೇಳು ವರ್ಷ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಅಭ್ಯಾಸವಾದವನು ನಾನು. ಆ ಹಾಳು ಅಭ್ಯಾಸವೇ ನನ್ನನ್ನು ನಲವತ್ತರ ಹತ್ತಿರ ಅ ಆ ಇ ಈ ತಿದ್ದಲು ಕೂರಿಸಿತು.

ನಿವೃತ್ತನಾಗಿ ಬಂದ ಮೇಲೆ ಹೊಸೂರಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತ್ತು. ಶಿಫ್ಟಿಗೆ ಬರುವವರ ಕಾರ್ಡು ನೋಡುವುದು, ಲಾರಿಗಳ ಚೀಟಿ ನೋಡುವುದು, ಸೆಲ್ಯೂಟ್ ಹೊಡೆಯುವುದು. ಸೆಲ್ಯೂಟಿಗೆ ನನಗೇನೂ ಬೇಸರವಿಲ್ಲ. ಆದರೆ ಮೊನ್ನೆ ಮೊನ್ನೆ ಕಾಲೇಜು ಮುಗಿಸಿದವನೊಬ್ಬ ಬಂದು, ಗೇಟು ಕಾಯುವುದು ಹೇಗೆಂದು ನನಗೇ ಪಾಠ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ನಮ್ಮ ಸೆಕ್ಯುರಿಟಿ ಆಫೀಸರು ಒಳ್ಳೆಯ ಮನುಷ್ಯ. ಒಂದು ದಿನ ಕರೆದು, "ಒಂದೂವರೆ ವರ್ಷದಲ್ಲಿ ನಾನು ರಿಟೈರ್ ಆಗ್ತೀನಿ. ಈ ಕುರ್ಚಿಗೆ ನಿನ್ ಹೆಸ್ರೇ ಹೇಳ್ತೀನಿ. ಆದ್ರೆ ಡಿಗ್ರಿ ಇಲ್ದೆ ಮೇಲಿನೋರು ಒಪ್ಪಲ್ಲ ನೋಡು," ಎಂದರು. ನಾನೋ ಪ್ಲಸ್ ಟೂ ಮುಗಿಸಿ ಸೈನ್ಯಕ್ಕೆ ಓಡಿದವನು. ಮೂರು ವರ್ಷದ ಪದವಿಯನ್ನು ಒಂದೂವರೆ ವರ್ಷದಲ್ಲಿ ಎಲ್ಲಿಂದ ತರಲಿ?

ದಾರಿಯೊಂದಿತ್ತು. ಸೈನ್ಯದಲ್ಲಿ ಪಡೆದ ತರಬೇತಿಯನ್ನೂ ಓದು ಎಂದು ಒಪ್ಪಿಕೊಳ್ಳುವ ದೂರಶಿಕ್ಷಣದ ಪದವಿ. ನಾನು ವೈರ್‌ಲೆಸ್ ಆಪರೇಟರ್ ಆಗಿದ್ದವನು. ಮಾಡಿದ ಕೋರ್ಸುಗಳ ಸರ್ಟಿಫಿಕೇಟೆಲ್ಲ ಟ್ರಂಕಿನಲ್ಲಿ ಭದ್ರವಾಗಿದ್ದವು. ಹೊತ್ತುಕೊಂಡು ಕೃಷ್ಣಗಿರಿಯ ಅಧ್ಯಯನ ಕೇಂದ್ರಕ್ಕೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ಒಂದೊಂದನ್ನೂ ತಿರುವಿ ನೋಡಿ, ನಿಮ್ಮ ಅರ್ಧ ಪದವಿ ಆಗಲೇ ಮುಗಿದಿದೆ, ಉಳಿದರ್ಧ ಓದಿದರೆ ಸಾಕು ಎಂದರು. ಅಬ್ಬಾ! ಹಿಮದಲ್ಲಿ ನಿಂತು ಆಂಟೆನಾ ಎತ್ತಿದ್ದು ದಂಡವಾಗಲಿಲ್ಲ ಎಂದು ಎದೆಯುಬ್ಬಿತು. ಅದೇ ಖುಷಿಯಲ್ಲಿರುವಾಗ ಅವರು ತಮಿಳಿನಲ್ಲಿ ಕೇಳಿದರು: "ತಾಯ್‌ಮೊಳಿ ಎನ್ನ, ಸಾರ್?"

ತಾಯ್ನುಡಿ ಯಾವುದೆಂದು ಕೇಳಿದರು, ಕನ್ನಡ ಎಂದೆ. ಅವರು ಫಾರಂನಲ್ಲಿ ಟಿಕ್ ಹಾಕಿದರು. ನಾನು ಸಹಿ ಹಾಕಿದೆ.

ಒಂದು ತಿಂಗಳಿಗೆ ಪುಸ್ತಕದ ಕಟ್ಟು ಬಂತು. ಇಂಗ್ಲಿಷು, ಹಿಂದಿ ನನ್ನನ್ನು ಹೆದರಿಸಲಿಲ್ಲ. ಒಂದು ಪುಸ್ತಕ ಮಾತ್ರ ಮೊದಲಿನಿಂದ ಕೊನೆಯವರೆಗೆ ಕನ್ನಡ. ಅಂದು ಹಾಕಿದ ಆ ಟಿಕ್ಕು ಭಾಷಾ ಪತ್ರಿಕೆಯ ಆಯ್ಕೆಯದ್ದು! ಗಡಿಯ ಈಚೆ, ತಮಿಳು ಸೀಮೆಯಲ್ಲಿ ಉಳಿದ ನಮ್ಮ ಕಡೆಯವರ ಕಥೆಯೇ ಇದು: ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಬೈಯುವುದೂ ಕನ್ನಡದಲ್ಲೇ, ಓದಿದ್ದು ಮಾತ್ರ ತಮಿಳು ಶಾಲೆಯಲ್ಲಿ. ಕನ್ನಡದ ಒಂದಕ್ಷರವೂ ನನಗೆ ಬಾರದು. ಕೇಂದ್ರಕ್ಕೆ ಓಡಿದರೆ, ಬದಲಾಯಿಸಬೇಕೆಂದರೆ ಮುಂದಿನ ಪ್ರವೇಶದ ತನಕ ಕಾಯಬೇಕು ಎಂದರು. ಅಷ್ಟರಲ್ಲಿ ಆ ಕುರ್ಚಿಯಲ್ಲಿ ಇನ್ನೊಬ್ಬ ಕೂತಿರುತ್ತಾನೆ.

ಮನೆಗೆ ಬಂದವನೇ ಪುಸ್ತಕವನ್ನು ಜಗಲಿಗೆ ಎಸೆದೆ. ಅವ್ವ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು.

"ಯಾಕ್ಲಾ ಎಸೀತೀಯ? ಅದೇನ್ ಮಾಡೈತೆ ನಿಂಗೆ?" ಎಂದು ಕೈ ಒರೆಸಿಕೊಂಡು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆದಳು. ಬೆರಳಿಟ್ಟು, ತಡೆತಡೆದು, ಒಂದು ಸಾಲು ಪೂರ್ತಿ ಓದಿಬಿಟ್ಟಳು. ನಾನು ದಂಗಾಗಿ ಹೋದೆ.

"ನಿಂಗೆ ಓದಾಕ್ ಬತ್ತದಾ ಅವ್ವ?"

"ಬತ್ತದೆ. ಯಾರ್ ಕೇಳಿದ್ರು ನನ್ನ?"

ಅವಳ ತವರು ಗಡಿಯಾಚೆ, ಆನೇಕಲ್ ಕಡೆ. ಅಲ್ಲಿ ನಾಲ್ಕನೇ ಕ್ಲಾಸು ಓದಿ, ಮದುವೆಯಾಗಿ ಜವಳಗಿರಿಯ ಈ ಹಳ್ಳಿಗೆ ಬಂದವಳಿಗೆ ಮತ್ತೆ ಕನ್ನಡದ ಹಾಳೆ ಕೈಗೆ ಸಿಕ್ಕಿದ್ದೇ ಇಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗ ನಾನು, ನನಗೂ ಇದು ತಿಳಿದಿರಲಿಲ್ಲ.

ಮಾರನೇ ದಿನದಿಂದಲೇ ಪಾಠ. ತಮಿಳಿನಲ್ಲಿ ಒಂದೇ ಕ ನಾಲ್ಕು ಜನರ ಡ್ಯೂಟಿ ಮಾಡುತ್ತದೆ. ಕನ್ನಡದಲ್ಲಿ ಕ, ಖ, ಗ, ಘ, ಒಬ್ಬೊಬ್ಬರಿಗೂ ಬೇರೆ ಬೇರೆ ಯೂನಿಫಾರ್ಮು. "ಆನೆ ಗದ್ದೆಗೆ ಬಂತು, ಬರಿ," ಎಂದಳು ಅವ್ವ. ಬರೆದೆ. ಓದಿ ನೋಡಿದವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಯ್ಯೋ ನನ್ನಪ್ಪಾ! ಆನೆ ಕತ್ತೆಗೆ ಪಂತು ಅಂತ ಬರ್ದಿದ್ದೀಯಲ್ಲೋ! ಆನೆಗೂ ಕತ್ತೆಗೂ ಲಗ್ನ ಮಾಡ್ಬುಟ್ಯಾ?"

ಹತ್ತು ದಿನವಾದರೂ ಅದೇ ತಪ್ಪು. ದನ ಹೋಗಿ ತನ, ಬಾಗಿಲು ಹೋಗಿ ಪಾಕಿಲು. ಹನ್ನೊಂದನೇ ದಿನ ಪೆನ್ಸಿಲು ಮುರಿದು ಹಾಕಿದೆ. "ನನ್ ಕೈಲಾಗಲ್ಲವ್ವ. ಕುರ್ಚಿ ಹಾಳಾಗೋಗ್ಲಿ. ಮುಂದಿನ್ ವರ್ಷ ತಮಿಳಲ್ಲೇ ಬರೀತೀನಿ," ಎಂದೆ.

ಅವ್ವ ಈ ಸಲ ನಗಲಿಲ್ಲ. "ನೀನು ಮಿಲಿಟ್ರಿಯಿಂದ ಕಾಗ್ದ ಹಾಕ್ತಿದ್ಯಲ್ಲ, ತಮಿಳಲ್ಲಿ, ಯಾರು ಓದ್ತಿದ್ರು ನಂಗೆ?" ಎಂದಳು.

"ಪೋಸ್ಟ್‌ಮ್ಯಾನ್ ಅಣ್ಣ."

"ಊಂ. ಕಾಲು ಮುರ್ಕೊಂಡು ಆಸ್ಪತ್ರೇಲಿದೀನಿ ಅಂತ ನೀನ್ ಬರ್ದಿದ್ದೆ. ಹೆದ್ರುಕೊಂತಾಳೆ ಅಂತ ಆ ಸಾಲು ಬಿಟ್ಟು ಓದ್ಬುಟ್ಟ. ಪಾಪ, ಒಳ್ಳೇದಕ್ಕೇ ಬಿಟ್ಟ ಅನ್ನು. ಆ ಕಾಗ್ದ ಮೂರ್ ತಿಂಗ್ಳು ಅಕ್ಕಿ ಡಬ್ಬದ್ ಮೇಲೆ ನನ್ ಕಣ್ಮುಂದೇನೇ ಇತ್ತು ಕಣ್ಲಾ. ನೀನು ಕುಂಟ್ಕೊಂಡು ರಜಕ್ಕೆ ಬಂದಾಗ್ಲೇ ನಂಗೊತ್ತಾಗಿದ್ದು." ಮುರಿದ ಪೆನ್ಸಿಲಿನ ಉದ್ದದ ತುಂಡನ್ನು ಹೆಕ್ಕಿ ನನ್ನ ಕೈಗಿಟ್ಟಳು. "ನಂಗೆ ಫೀಸ್ ಬ್ಯಾಡ. ಪಾಸಾದ್ರೆ ಕನ್ನಡದಲ್ಲಿ ಒಂದ್ ಕಾಗ್ದ ಹಾಕು. ಪೋಸ್ಟಲ್ಲೇ ಬರ್ಬೇಕು."

ಈ ಪರೀಕ್ಷೆ ಪಾಸಾಗದಿದ್ದರೆ ನಾನು ಮನುಷ್ಯನೇ ಅಲ್ಲ ಎಂದುಕೊಂಡೆ.

ಮತ್ತೆ ಕೂತವನಿಗೆ ಹಳೆಯ ಕಸುಬೇ ನೆರವಾಯಿತು. ವೈರ್‌ಲೆಸ್ಸಿನಲ್ಲಿ ಬಿ ಎಂದದ್ದು ಆ ಕಡೆಯವನಿಗೆ ಡಿ ಎಂದು ಕೇಳಿಸಬಹುದು. ಅದಕ್ಕೇ ನಾವು ಬ್ರಾವೋ, ಡೆಲ್ಟಾ ಎಂದು ಒಂದೊಂದು ಅಕ್ಷರಕ್ಕೆ ಒಂದೊಂದು ಪದ ಕಟ್ಟಿ ಹೇಳುತ್ತೇವೆ. ಕನ್ನಡಕ್ಕೂ ಹಾಗೇ ಕಟ್ಟಿದೆ, ಎಲ್ಲ ನಮ್ಮೂರಿನ ಸಾಮಾನೇ: ಕತ್ತೆಯ ಕ, ಗದ್ದೆಯ ಗ, ತಟ್ಟೆಯ ತ, ದನದ ದ, ಪಡವಲದ ಪ, ಬದನೆಯ ಬ. ಅವ್ವ ಅವರೆ ಸುಲಿಯುತ್ತಾ ಪದ ಕೂಗುವುದು, ನಾನು "ಬದನೆ, ದನ, ಓವರ್" ಎಂದು ಒಪ್ಪಿಸುವುದು. ಗೇಟಿನಲ್ಲಿ ಕರ್ನಾಟಕದ ಲಾರಿಗಳು ನಿಂತರೆ ಹಿಂದೆ ಮುಂದೆ ಬರೆದದ್ದನ್ನೆಲ್ಲ ಓದುತ್ತಿದ್ದೆ. "ಚೀಟಿ ನೋಡಾಕೆ ಇಷ್ಟೊತ್ತಾ ಸಾರ್?" ಎಂದು ಡ್ರೈವರೊಬ್ಬ ರೇಗಿದ. "ಇರಪ್ಪ, ನಿನ್ ಲಾರಿ ಇನ್ನೂ ಓದಿ ಮುಗ್ದಿಲ್ಲ," ಎಂದೆ.

ಉಳಿದ ಪತ್ರಿಕೆಗಳು ಒಂದೊಂದಾಗಿ ಮುಗಿದವು. ಕನ್ನಡದ್ದು ಕೊನೆಗೆ. ಕೃಷ್ಣಗಿರಿಯ ಪರೀಕ್ಷೆ ಕೋಣೆಯಲ್ಲಿ ಕೂತು ನಾನು ಕತ್ತೆ, ಗದ್ದೆ, ತಟ್ಟೆ ಎಂದು ಗೊಣಗುತ್ತಿದ್ದರೆ ಮೇಲ್ವಿಚಾರಕರು ಎರಡು ಸಲ ಬಂದು ಗುರಾಯಿಸಿ ಹೋದರು. ಗುರಾಯಿಸಲಿ! ಕೊನೆಯ ಗಂಟೆ ಹೊಡೆಯುವವರೆಗೂ ಪೆನ್ನು ಕೆಳಗಿಡಲಿಲ್ಲ.

ಫಲಿತಾಂಶ ಬಂದಾಗ ಗೇಟಿನಲ್ಲಿದ್ದೆ. ಫೋನಿನಲ್ಲಿ ನೋಡಿದೆ. ಕನ್ನಡದಲ್ಲಿ ಅಂಚಿಗೆ ತಾಗಿಕೊಂಡಂತೆ ಪಾಸು. ಆಫೀಸರಿಗೆ ತೋರಿಸಿದೆ, ಅವರು ಎದ್ದು ನಿಂತು ಕೈ ಕುಲುಕಿ, "ಇನ್ಮೇಲೆ ಈ ಕುರ್ಚಿ ನಿಂದೇ ಕಣಯ್ಯ," ಎಂದರು. ಮನೆಗೆ ಫೋನು ಮಾಡಲಿಲ್ಲ. ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ಕೊಂಡು ಅಲ್ಲೇ ಬರೆದು ಹಾಕಿದೆ. ವಿಳಾಸ ತಮಿಳಿನಲ್ಲಿ, ಒಳಗೆಲ್ಲ ಕನ್ನಡ. ಆಮೇಲೆ ಮನೆಯಲ್ಲಿ ಮೂರು ದಿನ ಬಾಯಿಗೆ ಬೀಗ.

ನಾಲ್ಕನೇ ದಿನ ನನಗೆ ವಾರದ ರಜೆ. ಅದೇ ಪೋಸ್ಟ್‌ಮ್ಯಾನ್ ಅಣ್ಣ, ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಸೈಕಲ್ಲು ನಿಲ್ಲಿಸಿ ರೂಢಿಯಂತೆ ಕಾಗದ ಬಿಡಿಸಲು ಹೋದ. ಒಳಗಿನ ಅಕ್ಷರ ಕಂಡು ಹುಬ್ಬು ಗಂಟಿಕ್ಕಿದ.

"ಇತ್ತ ಕೊಡಪ್ಪ. ನಂಗೇ ಓದಾಕ್ ಬತ್ತದೆ," ಎಂದಳು ಅವ್ವ.

ಬೆರಳಿಟ್ಟು ಗಟ್ಟಿಯಾಗಿ ಓದಿದಳು: "ಅವ್ವಾ, ಪಾಸಾದೆ. ಡಿಗ್ರಿ ಬಂತು. ಕುರ್ಚಿ ನನಗೇ ಅಂದರು. ಎಲ್ಲಾ ನಿನ್ನಿಂದ." ಮುಖ ಅರಳಿತು. ಮುಂದಿನ ಸಾಲಿಗೆ ಬಂದಾಗ ದನಿ ಸಣ್ಣದಾಯಿತು, ಆದರೂ ನಿಲ್ಲಿಸಲಿಲ್ಲ. "ಮುರಿದ ಕಾಲು ಈಗಲೂ ನೋಯುತ್ತದೆ. ಗೇಟಿನಲ್ಲಿ ನಿಂತ ದಿನ ಜಾಸ್ತಿ. ನಿನಗೆ ಹೇಳಿರಲಿಲ್ಲ."

ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಉಳಿದಿದೆಯೇ ಎಂದು ನೋಡಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗೆ ಹೋಗಿ ಹರಳೆಣ್ಣೆ ಬಟ್ಟಲು ತಂದು, ನನ್ನೆದುರು ನೆಲಕ್ಕೆ ಕೂತಳು.

"ಎಲ್ಲಿ, ಕಾಲು ನೀಡ್ಲಾ," ಎಂದಳು.