ಬೆಟ್ಟದೂರು ತೋರಿಸಿದಾಕೆ

ಧನ್ವಾಡದ ಆಚೆ, ಬೆಟ್ಟದ ನೆತ್ತಿಯ ಹಳೆಯ ಕೋಟೆಯೊಳಗೆ ಒಂದು ಪುಟ್ಟ ಕಲ್ಲಿನ ಊರಿದೆ. ಈಗ ಅಲ್ಲಿ ಯಾರೂ ಇಲ್ಲ. ಎಲ್ಲರೂ ಕೆಳಗೆ ರಸ್ತೆಯ ಬದಿಗೆ ಬಂದು ನೆಲೆಸಿದ್ದಾರೆ. ನನಗೆ ಆ ಊರು ತೋರಿಸಿದಾಕೆ, ಬೀರಪ್ಪನ ಗುಡಿಯ ಕಸ ಗುಡಿಸಲು ದಿನವೂ ಬೆಟ್ಟ ಹತ್ತುತ್ತಿದ್ದ ಕುರುಬರ ಹೆಂಗಸು.

ಸೂರಿಲ್ಲದ ಪ್ರತಿ ಮನೆಯ ಮುಂದೆಯೂ ನಿಂತು, ಸೆರಗು ಸರಿಮಾಡಿಕೊಂಡು, "ಅಕ್ಕಾ, ಮಂದಿ ಬಂದಾರ, ಒಳಗ ಬರ್ತೀವಿ" ಎಂದು ಕೂಗಿಯೇ ಆಕೆ ಹೊಸ್ತಿಲು ದಾಟುತ್ತಿದ್ದಳು. ನನಗೆ ನಗು ಬಂತು. ಆಕೆ ಮಾತ್ರ ನಗಲಿಲ್ಲ.

"ಇಂಥ ಚಂದದ ಊರು ಯಾಕ ಬಿಟ್ರಿ, ಅವ್ವಾ?" ಎಂದು ಕೇಳಿದೆ.

"ನನ್ನ ಮಗಳಿಗಿ ಹಾವು ಕಡೀತ್ರಿ. ಬೆಟ್ಟದ ಮ್ಯಾಲ ಗಾಡಿ ಬರಂಗಿಲ್ಲ. ಕಂಬಳ್ಯಾಗ ಹಾಕ್ಕೊಂಡು ನಾಕು ಮಂದಿ ಇಳಿಸಿದ್ರು. ಆ ವರ್ಷನ ಊರೆಲ್ಲ ಇಳೀತು."

ಇಳಿಯುವಾಗ ಅರ್ಧ ದಾರಿಯಲ್ಲಿ ಆಕೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಬಿಸಿಲಿಗೆ ಕಾದ ಒಂದು ಅಗಲವಾದ ಮೆಟ್ಟಿಲನ್ನು ಬರಿಗಾಲಲ್ಲಿ ದಾಟಿ ಮತ್ತೆ ಮೆಟ್ಟಿಕೊಂಡಳು. ನಾನು ಕೇಳುವ ಮೊದಲೇ ಹೇಳಿದಳು:

"ಇಲ್ಲೀತನ ಉಸುರಿತ್ರಿ ಆಕೀಗಿ."

ನಾನು ಆ ಮೆಟ್ಟಿಲ ಮೇಲೆ ಬೂಟು ಹಾಕಿಕೊಂಡೇ ನಿಂತಿದ್ದೆ.